ಲಾಲ್‌ಬಾಗಿನಷ್ಟು ಜಾಗಕ್ಕೆ ಒಂದು ಕೌನ್ಸಿಲ್: ಪೆಪರ್‌ಮಿಂಟ್ ಗ್ರೋವ್ ಹೇಗೆ ಉಳಿಯಿತು?

ಪ್ರಶ್ನೆ: ನಾನು ಯಲಹಂಕದವನು, ನಿವೃತ್ತ. ಮಗಳ ಮನೆಗೆಂದು ಆಸ್ಟ್ರೇಲಿಯಾದ ಪರ್ತ್‌ಗೆ ಬಂದಿದ್ದೇನೆ. ಅವಳ ಮನೆ ಇರುವುದು ಕಾಟ್‌ಸ್ಲೋದಲ್ಲಿ. ಬೆಳಿಗ್ಗೆ ವಾಕಿಂಗ್ ಹೊರಟು ಹೈವೇ ದಾಟಿದರೆ ‘ಶೈರ್ ಆಫ್ ಪೆಪರ್‌ಮಿಂಟ್ ಗ್ರೋವ್’ ಎಂಬ ಬೇರೆಯೇ ಊರು ಶುರುವಾಗುತ್ತದೆ. ಇನ್ನೊಂದು ಕಾಲು ಗಂಟೆ ನಡೆದರೆ ಆ ಊರು ಮುಗಿದು ನದಿ ಬರುತ್ತದೆ. ಇಷ್ಟಕ್ಕೇ ಪ್ರತ್ಯೇಕ ಕೌನ್ಸಿಲ್, ಅಧ್ಯಕ್ಷರು, ಕಚೇರಿ ಎಲ್ಲ ಇದೆಯಂತೆ! ನಮ್ಮ ಯಲಹಂಕ ನಗರಸಭೆ ಇದರ ಎಷ್ಟೋ ಪಟ್ಟು ದೊಡ್ಡದಿತ್ತು. ಅದನ್ನು 2007ರಲ್ಲಿ ಬಿಬಿಎಂಪಿಗೆ ಸೇರಿಸಿಬಿಟ್ಟರು. ಇದು ಮಾತ್ರ ಹೇಗೆ ಉಳಿಯಿತು? ದುಡ್ಡಿರುವವರ ಊರು ಅಂತಲಾ? ಇನ್ನೊಂದು ಪ್ರಶ್ನೆ. ಮಗಳಿಗೆ ಪಿಆರ್ (ಕಾಯಂ ವಾಸದ ಅನುಮತಿ) ಇದೆ, ಸಿಟಿಜನ್‌ಶಿಪ್ ಇಲ್ಲ. ಅವಳು ಇಲ್ಲಿನ ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದಾ?

ಉತ್ತರ: ನಡೆದು ನೋಡಿದ ನಿಮ್ಮ ಅಂದಾಜು ಸರಿಯಾಗೇ ಇದೆ. ಪೆಪರ್‌ಮಿಂಟ್ ಗ್ರೋವ್‌ನ ವಿಸ್ತೀರ್ಣ ಸುಮಾರು 1.1 ಚದರ ಕಿಲೋಮೀಟರ್. ಎಕರೆ ಲೆಕ್ಕದಲ್ಲಿ 270ರ ಆಸುಪಾಸು. ನಮ್ಮ ಲಾಲ್‌ಬಾಗ್ 240 ಎಕರೆ. ಲಾಲ್‌ಬಾಗಿನ ಜೊತೆ ಪಕ್ಕದ ಒಂದೆರಡು ಬೀದಿ ಸೇರಿಸಿಕೊಂಡರೆ ಇವರ ಇಡೀ ಊರು ಅದರೊಳಗೆ ಬಂತು. ಜನ 1,600ರ ಹತ್ತಿರ ಇದ್ದಾರೆ. ಇಡೀ ಆಸ್ಟ್ರೇಲಿಯಾದಲ್ಲಿ ಇದಕ್ಕಿಂತ ಚಿಕ್ಕ ಜಾಗದ ಕೌನ್ಸಿಲ್ ಇನ್ನೊಂದಿಲ್ಲ.

ಕರ್ನಾಟಕದಲ್ಲಿ ಇಂಥ ಊರಿಗೆ ನಗರಸಭೆ, ಪುರಸಭೆ ಹೋಗಲಿ, ಪಟ್ಟಣ ಪಂಚಾಯಿತಿಯೂ ಸಿಗುತ್ತಿರಲಿಲ್ಲ. ಅದಕ್ಕೆ ಕನಿಷ್ಠ 10,000 ಜನ ಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ನೋಡಿದರೆ ಒಂದು ಗ್ರಾಮ ಪಂಚಾಯಿತಿಗೇ 5,000ದಿಂದ 7,000 ಜನ ಇರಬೇಕು. ಮಲೆನಾಡಿನ ಜಿಲ್ಲೆಗಳಿಗೆ ಕೊಟ್ಟಿರುವ ರಿಯಾಯಿತಿ ಹಿಡಿದರೂ 2,500. ಪೆಪರ್‌ಮಿಂಟ್ ಗ್ರೋವ್ ಆ ಲೆಕ್ಕಕ್ಕೂ ಬರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಹೌದು, ಪರ್ತ್‌ನ ಅತಿ ದುಬಾರಿ ಬಡಾವಣೆಗಳಲ್ಲಿ ಇದೂ ಒಂದು. ನದಿಯ ದಂಡೆ, ದೊಡ್ಡ ದೊಡ್ಡ ಸೈಟು, ಹಳೆಯ ಮನೆತನಗಳು. ಆದರೆ ದುಡ್ಡಿದ್ದರೆ ಕೌನ್ಸಿಲ್ ಉಳಿಯುತ್ತದೆ ಅನ್ನುವ ಹಾಗಿದ್ದರೆ ಮೆಲ್ಬರ್ನ್‌ನ ಬ್ರೈಟನ್ ಉಳಿಯಬೇಕಿತ್ತು. ಸಮುದ್ರದ ದಡದ ಶ್ರೀಮಂತ ಊರು ಅದು. 1990ರ ದಶಕದಲ್ಲಿ ವಿಕ್ಟೋರಿಯಾದ ಪ್ರೀಮಿಯರ್ ಜೆಫ್ ಕೆನೆಟ್ ರಾಜ್ಯದ 210 ಕೌನ್ಸಿಲ್‌ಗಳನ್ನು 78ಕ್ಕೆ ಇಳಿಸಿದರು. (ಅಲ್ಲಿ ಮುಖ್ಯಮಂತ್ರಿಗೆ ಪ್ರೀಮಿಯರ್ ಅನ್ನುತ್ತಾರೆ.) 1994ರಲ್ಲಿ ಬ್ರೈಟನ್ ಹೋಗಿ ಬೇಸೈಡ್‌ಗೆ ಸೇರಿತು. ಮಾಲ್ವರ್ನ್, ಪ್ರಾನ್ ಎರಡೂ ಸೇರಿ ಸ್ಟೋನಿಂಗ್ಟನ್ ಆದವು. ಬ್ರಿಸ್ಬೇನ್ ಕಥೆ ಇನ್ನೂ ಹಳೆಯದು. 1925ರಲ್ಲೇ ಸುತ್ತಲಿನ ಸಣ್ಣ ಸಣ್ಣ ಕೌನ್ಸಿಲ್‌ಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಮಹಾನಗರ ಮಾಡಿದರು. ಎಲ್ಲೂ ಶ್ರೀಮಂತರ ಊರಿಗೆ ವಿನಾಯಿತಿ ಸಿಗಲಿಲ್ಲ. ಹಾಗಾಗಿ ಪೆಪರ್‌ಮಿಂಟ್ ಗ್ರೋವ್ ಉಳಿದದ್ದಕ್ಕೆ ಬೇರೆ ಕಾರಣ ಇರಲೇಬೇಕು. ಅದು ಸಿಗುವುದು ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದ ಕಾನೂನಿನ ಒಂದು ಸಣ್ಣ ಕಲಮಿನಲ್ಲಿ. ಅದಕ್ಕೆ ಮೊದಲು ಈ ಊರು ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ಹೇಳಬೇಕು.

ಈ ನದಿ ದಂಡೆ ಮೊದಲು ಇಲ್ಲಿನ ಮೂಲನಿವಾಸಿಗಳಾದ ವಾಜುಕ್ ನೂಂಗಾರ್ ಜನರದ್ದು. 1829ರಲ್ಲಿ ಬ್ರಿಟಿಷರು ಸ್ವಾನ್ ನದಿಯ ವಸಾಹತು ಕಟ್ಟಿದರು. ನದಿ ಸಮುದ್ರ ಸೇರುವ ಕಡೆ ಫ್ರೀಮ್ಯಾಂಟಲ್ ಬಂದರು, ನದಿಯಲ್ಲಿ ಮೇಲಕ್ಕೆ ಹೋದರೆ ರಾಜಧಾನಿ ಪರ್ತ್. ನೀವು ವಾಕಿಂಗ್ ಹೋಗುವ ಜಾಗ ಇವೆರಡರ ನಡುವೆ ಬರುತ್ತದೆ. 1881ರಲ್ಲಿ ಫ್ರೀಮ್ಯಾಂಟಲ್‌ನಿಂದ ಪರ್ತ್ ಮೂಲಕ ಗಿಲ್ಡ್‌ಫರ್ಡ್‌ವರೆಗೆ ರೈಲು ಬಂತು. ಆಮೇಲೆ ನಡುವಿನ ಖಾಲಿ ಜಾಗಕ್ಕೂ ಬೆಲೆ ಬಂತು.

1892ರಲ್ಲಿ ಕೂಲ್‌ಗಾರ್ಡಿಯಲ್ಲಿ, ಮರುವರ್ಷ ಕಾಲ್‌ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ನಮ್ಮ ಕೋಲಾರದ ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲವೂ ಅದೇ. 1891ರಲ್ಲಿ 50 ಸಾವಿರದಷ್ಟಿದ್ದ ವೆಸ್ಟರ್ನ್ ಆಸ್ಟ್ರೇಲಿಯಾದ ಜನಸಂಖ್ಯೆ 1901ರ ಹೊತ್ತಿಗೆ 1 ಲಕ್ಷ 84 ಸಾವಿರಕ್ಕೆ ಏರಿತು. ಹತ್ತೇ ವರ್ಷದಲ್ಲಿ ಮೂರೂವರೆ ಪಟ್ಟಿಗೂ ಜಾಸ್ತಿ! ಹೊಸ ದುಡ್ಡು ಬಂದವರಿಗೆ ಊರ ಗದ್ದಲದಿಂದ ದೂರ, ನೀರಿನ ಪಕ್ಕ ಒಂದು ಮನೆ ಬೇಕಿತ್ತು. ಆ ಹೊತ್ತಿನಲ್ಲೇ ಇಲ್ಲಿ ಲೇಔಟ್ ಆಯಿತು. ಈ ಊರಿನ ಬೀದಿಗಳ ಹೆಸರು ನೋಡುತ್ತ ನಡೆದರೆ ಆ ಕಾಲದ ದೊಡ್ಡ ಮನುಷ್ಯರ ಪಟ್ಟಿಯೇ ಸಿಗುತ್ತದೆ. ಫಾರೆಸ್ಟ್ ಸ್ಟ್ರೀಟ್ ಅಂದರೆ ಅಲೆಕ್ಸಾಂಡರ್ ಫಾರೆಸ್ಟ್. ಒಳನಾಡು ಸುತ್ತಿದ ಅನ್ವೇಷಕ, ಪರ್ತ್‌ನ ಮೇಯರ್, ರಾಜ್ಯದ ಮೊದಲ ಪ್ರೀಮಿಯರ್ ಜಾನ್ ಫಾರೆಸ್ಟ್ ಅವರ ತಮ್ಮ. ಲೀಕ್ ಸ್ಟ್ರೀಟ್ ಅಂದರೆ ಜಾರ್ಜ್ ಲೀಕ್, ವಕೀಲ, 1901ರಲ್ಲಿ ಪ್ರೀಮಿಯರ್ ಆದವರು. ಕೀನ್ ಸ್ಟ್ರೀಟ್ ಅಂದರೆ ಎಡ್ವರ್ಡ್ ಕೀನ್, ರೈಲು ಕಂಟ್ರಾಕ್ಟರ್, ಅವರೂ ಪರ್ತ್‌ನ ಮೇಯರ್ ಆಗಿದ್ದವರು. ನದಿಯೊಳಗೆ ಚಾಚಿಕೊಂಡಿರುವ ಕೀನ್ಸ್ ಪಾಯಿಂಟ್‌ನಲ್ಲಿ ಅವರ ಮನೆಯಿತ್ತು, ಈಗ ಅಲ್ಲಿ ಯಾಟ್ ಕ್ಲಬ್ ಇದೆ. ಮರದ ವ್ಯಾಪಾರಿ ನೀಲ್ ಮೆಕ್‌ನೀಲ್ 1894ರಲ್ಲಿ ಜಾರಾ ಮರದಲ್ಲಿ ಕಟ್ಟಿಸಿದ ‘ದಿ ಕ್ಲಿಫ್’ ಎಂಬ ಮನೆಯೂ ಈ ದಂಡೆಯ ಮೇಲಿನದೇ. ಜಾರಾ ಅಂದರೆ ನಮಗೆ ಗುರುತಿಲ್ಲದ ಮರವೇನಲ್ಲ. ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟದ ಗಟ್ಟಿ ಕೆಂಪು ಮರ ಅದು. ಆ ಕಾಲದಲ್ಲಿ ಹಡಗಿನಲ್ಲಿ ಭಾರತಕ್ಕೆ ಬಂದು ನಮ್ಮ ರೈಲು ಹಳಿಗಳ ಕೆಳಗೆ ಸ್ಲೀಪರ್ ಆಗಿ ಮಲಗಿತ್ತು.

ಊರಿಗೆ ಹೆಸರು ಕೊಟ್ಟ ಮರ ಬೇರೆ. ಪೆಪರ್‌ಮಿಂಟ್ ಮರ ಅನ್ನುತ್ತಾರೆ, ಆದರೆ ಪುದೀನಾಗೂ ಅದಕ್ಕೂ ಸಂಬಂಧವಿಲ್ಲ. ಸಣ್ಣ, ಉದ್ದನೆಯ ಎಲೆ, ಕೊಂಬೆಗಳೆಲ್ಲ ಕೆಳಕ್ಕೆ ಜೋತು ಬಿದ್ದಿರುತ್ತವೆ. ಒಂದು ಎಲೆ ಕಿತ್ತು ಬೆರಳಲ್ಲಿ ಹಿಸುಕಿ ಮೂಸಿ ನೋಡಿ, ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ. ಫುಟ್‌ಪಾತ್ ಪಕ್ಕದಲ್ಲೇ ಸಾಲಾಗಿ ಇವೆ.

ಈಗ ಆಡಳಿತಕ್ಕೆ ಬರೋಣ. ಆಗಿನ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಎರಡು ಬಗೆಯ ಸ್ಥಳೀಯ ಸಂಸ್ಥೆಗಳಿದ್ದವು. ಪಟ್ಟಣಕ್ಕೆ ಮುನಿಸಿಪಾಲಿಟಿ, ಉಳಿದ ಕಡೆಗೆಲ್ಲ ರೋಡ್ ಬೋರ್ಡ್. ಎರಡಕ್ಕೂ 1871ರ ಕಾನೂನುಗಳೇ ಮೂಲ. ಹೆಸರಿಗೆ ತಕ್ಕಂತೆ ರೋಡ್ ಬೋರ್ಡಿನ ಮುಖ್ಯ ಕೆಲಸ ರಸ್ತೆ ಹಾಕಿಸುವುದು. ಆದರೆ ಮನೆಗಳು ಎದ್ದಂತೆ ಕಸ, ಕಟ್ಟಡದ ಪರವಾನಗಿ ಎಲ್ಲ ಅದರ ತಲೆಗೇ ಬಂತು. ಚಿನ್ನದ ಕಾಲದಲ್ಲಿ ರೈಲು ಹಳಿಯ ಉದ್ದಕ್ಕೂ ಬಡಾವಣೆಗಳು ಎದ್ದವು. ‘ನಮ್ಮ ರಸ್ತೆಗೆ ನಮ್ಮದೇ ಬೋರ್ಡ್ ಇರಲಿ’ ಅಂತ ಒಂದೊಂದೂ ಬೇರೆ ಬೇರೆ ಡಿಸ್ಟ್ರಿಕ್ಟ್ ಆಯಿತು. ಪೆಪರ್‌ಮಿಂಟ್ ಗ್ರೋವ್ ರೋಡ್ ಡಿಸ್ಟ್ರಿಕ್ಟ್ ಹುಟ್ಟಿದ್ದು 1895ರಲ್ಲಿ. ನಿಮ್ಮ ಮಗಳ ಕಾಟ್‌ಸ್ಲೋ ಕೂಡ ಅದೇ ವರ್ಷ ಹುಟ್ಟಿತು. ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೆ ಇನ್ನೊಂದು ಬಂತು, ಅದೇ ಈಗಿನ ಮೋಸ್ಮನ್ ಪಾರ್ಕ್. ಉತ್ತರಕ್ಕೆ ಕ್ಲೇರ್‌ಮಾಂಟ್ ಮೊದಲೇ ಇತ್ತು. ಹೀಗೆ ಕೆಲವೇ ಕಿಲೋಮೀಟರ್‌ನೊಳಗೆ ನಾಲ್ಕು ಸಂಸ್ಥೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಕಾಲದಲ್ಲಿ ಎಳೆದ ಗೆರೆಗಳು ಮುಂದಿನ ನೂರು ವರ್ಷದ ಊರನ್ನು ಲೆಕ್ಕ ಹಾಕಿ ಎಳೆದವಲ್ಲ. ಒಂದು ಲೇಔಟಿನ ಸುತ್ತ ಎಳೆದ ಗೆರೆ ಅಷ್ಟೇ. ಕಾಟ್‌ಸ್ಲೋ 1907ರಲ್ಲಿ ಮುನಿಸಿಪಾಲಿಟಿ ಆಯಿತು. ಪೆಪರ್‌ಮಿಂಟ್ ಗ್ರೋವ್ ಮಾತ್ರ ರೋಡ್ ಬೋರ್ಡ್ ಆಗಿಯೇ ಉಳಿಯಿತು. 1961ರ ಜುಲೈ 1ರಂದು ಹೊಸ ಕಾಯ್ದೆ ಜಾರಿಗೆ ಬಂದು ರಾಜ್ಯದ ಎಲ್ಲ ರೋಡ್ ಡಿಸ್ಟ್ರಿಕ್ಟ್‌ಗಳೂ ಒಂದೇ ದಿನ ‘ಶೈರ್’ ಆದವು. ಗೋಧಿ ಬೆಳೆಯುವ, ಕುರಿ ಮೇಯಿಸುವ ದೂರದ ಜಿಲ್ಲೆಗಳಂತೆ ಈ ನದಿ ದಂಡೆಯ ಬಂಗಲೆಗಳ ಊರೂ ಶೈರ್ ಆಯಿತು. ಅಕ್ಕಪಕ್ಕದವೆಲ್ಲ ‘ಟೌನ್’ ಅಥವಾ ‘ಸಿಟಿ’ ಅಂತ ಬೋರ್ಡು ಹಾಕಿಕೊಂಡಿರುವಾಗ ಇದೊಂದು ಮಾತ್ರ ಶೈರ್ ಆಗಿರುವುದಕ್ಕೆ ಇದೇ ಕಾರಣ.

ಗೆರೆ ಎಷ್ಟು ವಿಚಿತ್ರ ಅಂತ ತಿಳಿಯಬೇಕಾದರೆ ನೀವು ದಾಟುವ ಸ್ಟರ್ಲಿಂಗ್ ಹೈವೇ ಮೇಲೆ ನಿಂತು ನೋಡಿ. ಹೈವೇಯ ಪಶ್ಚಿಮಕ್ಕೆ ಕಾಟ್‌ಸ್ಲೋ, ಪೂರ್ವಕ್ಕೆ ಪೆಪರ್‌ಮಿಂಟ್ ಗ್ರೋವ್. ಆದರೆ ‘ಕಾಟ್‌ಸ್ಲೋ ಪ್ರೈಮರಿ ಸ್ಕೂಲ್’ ಇರುವುದು ಪೆಪರ್‌ಮಿಂಟ್ ಗ್ರೋವ್‌ನಲ್ಲಿ! ‘ಕಾಟ್‌ಸ್ಲೋ ಸೆಂಟ್ರಲ್’ ಎಂಬ ಶಾಪಿಂಗ್ ಸೆಂಟರ್ ಇರುವುದೂ ಪೆಪರ್‌ಮಿಂಟ್ ಗ್ರೋವ್‌ನಲ್ಲೇ. ಜನ ಬದುಕುವುದು ಒಂದು ಊರಾಗಿ, ತೆರಿಗೆ ಕಟ್ಟುವುದು ಬೇರೆ ಬೇರೆ ಕಡೆ. ಇದನ್ನು ನೋಡಿದ ಯಾವ ಮಂತ್ರಿಗಾದರೂ ‘ಸುಮ್ನೆ ಇಷ್ಟೊಂದು ಕೌನ್ಸಿಲ್ ಯಾಕೆ?’ ಅನ್ನಿಸದೇ ಇರುತ್ತದಾ? ಅನ್ನಿಸಿದೆ, ಹಲವು ಸಲ.

ದೊಡ್ಡ ಪ್ರಯತ್ನ ನಡೆದದ್ದು ಕಾಲಿನ್ ಬಾರ್ನೆಟ್ ಪ್ರೀಮಿಯರ್ ಆಗಿದ್ದಾಗ. 2009ರಲ್ಲಿ ಸರ್ಕಾರ ಮೊದಲು ಮೆತ್ತಗೆ ಹೇಳಿತು, ನೀವಾಗಿಯೇ ಸೇರಿಕೊಳ್ಳಿ ಅಂತ. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದ ಕುಲಪತಿಯಾಗಿದ್ದ ಅಲನ್ ರಾಬ್ಸನ್ ಅವರ ಸಮಿತಿ ಬಂತು. ಪರ್ತ್ ಮಹಾನಗರದ 30 ಕೌನ್ಸಿಲ್‌ಗಳನ್ನು 12ಕ್ಕೆ ಇಳಿಸಿ ಎಂದು 2012ರಲ್ಲಿ ವರದಿ ಕೊಟ್ಟಿತು. 2013ರಲ್ಲಿ ಸರ್ಕಾರ ಅದನ್ನು ಸ್ವಲ್ಪ ತಿದ್ದಿ, ಸಂಖ್ಯೆಯನ್ನು ಹೆಚ್ಚುಕಮ್ಮಿ ಅರ್ಧಕ್ಕೆ ತರುವ ಯೋಜನೆ ಘೋಷಿಸಿತು. ಪೆಪರ್‌ಮಿಂಟ್ ಗ್ರೋವ್ ಅಕ್ಕಪಕ್ಕದವರ ಜೊತೆ ಕರಗಬೇಕಿತ್ತು. ತಮಾಷೆ ಏನೆಂದರೆ ಬಾರ್ನೆಟ್ ಅವರ ಸ್ವಂತ ಕ್ಷೇತ್ರವೇ ಕಾಟ್‌ಸ್ಲೋ. ಪೆಪರ್‌ಮಿಂಟ್ ಗ್ರೋವ್ ಆ ಕ್ಷೇತ್ರದೊಳಗೇ ಬರುತ್ತದೆ. ತನ್ನ ಮತದಾರರ ಕೌನ್ಸಿಲ್ ಮುಚ್ಚುವ ಯೋಜನೆಯನ್ನು ಪ್ರೀಮಿಯರ್ ತಾನೇ ತಂದಿದ್ದರು. ಆ ಧೈರ್ಯ ಮೆಚ್ಚಬೇಕು ಅಂತ ನನಗೆ ಅನ್ನಿಸುತ್ತದೆ, ಯೋಜನೆ ಒಪ್ಪದಿದ್ದರೂ.

ಆ ಕಲಮು ಕೆಲಸಕ್ಕೆ ಬಂದದ್ದು ಇಲ್ಲೇ. ಎರಡು ಕೌನ್ಸಿಲ್‌ಗಳನ್ನು ವಿಲೀನ ಮಾಡಬೇಕು ಅಂತ ಸಲಹಾ ಮಂಡಳಿ ಶಿಫಾರಸು ಮಾಡಿತು ಅನ್ನಿ. ಆಗ ಅಲ್ಲಿನ 250 ಮತದಾರರು ಅಥವಾ ಶೇಕಡಾ 10ರಷ್ಟು ಮತದಾರರು, ಯಾವುದು ಕಮ್ಮಿಯೋ ಅಷ್ಟು ಜನ ಸಹಿ ಹಾಕಿ ಕೇಳಿದರೆ ಜನಮತ ನಡೆಸಲೇಬೇಕು. ಆ ಜನಮತದಲ್ಲಿ ಕನಿಷ್ಠ ಅರ್ಧದಷ್ಟು ಮತದಾರರು ಓಟು ಹಾಕಿ, ಹಾಕಿದವರಲ್ಲಿ ಹೆಚ್ಚಿನವರು ‘ಬೇಡ’ ಅಂದರೆ ಮಂತ್ರಿ ಆ ವಿಲೀನವನ್ನು ತಿರಸ್ಕರಿಸಲೇಬೇಕು. ಮಂತ್ರಿಯ ಇಷ್ಟಾನಿಷ್ಟ ಅಲ್ಲಿ ನಡೆಯುವುದಿಲ್ಲ. ಇದನ್ನು ‘ಡಾಡೂರ್ ಕಲಮು’ ಅನ್ನುತ್ತಾರೆ. 1970ರ ದಶಕದಲ್ಲಿ ಇದಕ್ಕಾಗಿ ಹೋರಾಡಿದ ಸುಬಿಯಾಕೋದ ಶಾಸಕ ಡಾ. ಟಾಮ್ ಡಾಡೂರ್ ಅವರ ಹೆಸರದು. ಸುಬಿಯಾಕೋ ಕೂಡ ಇದೇ ಪಶ್ಚಿಮ ಪರ್ತ್‌ನ ಇನ್ನೊಂದು ಸಣ್ಣ ಕೌನ್ಸಿಲ್. 1995ರಲ್ಲಿ ಇಡೀ ಕಾಯ್ದೆಯನ್ನೇ ಹೊಸದಾಗಿ ಬರೆದಾಗಲೂ ಈ ಕಲಮು ಉಳಿದುಕೊಂಡಿತು.

ಲೆಕ್ಕ ಹಾಕಿ ನೋಡಿ. ಒಟ್ಟು 1,600 ಜನರಿರುವ ಊರಿನಲ್ಲಿ ಶೇಕಡಾ 10 ಮತದಾರರು ಅಂದರೆ ಎಷ್ಟು? ಒಂದು ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಟೇಬಲ್ ಹಾಕಿ ಕೂತರೆ ಮುಗಿಯಿತು. ದೊಡ್ಡ ಊರಿಗೆ ಕಷ್ಟವಾಗುವುದು ಅರ್ಧದಷ್ಟು ಜನರನ್ನು ಓಟಿಗೆ ತರುವುದು. ಇಲ್ಲಿ ಫೆಡರಲ್ ಮತ್ತು ರಾಜ್ಯ ಚುನಾವಣೆಯಲ್ಲಿ ಓಟು ಹಾಕುವುದು ಕಡ್ಡಾಯ, ಹಾಕದಿದ್ದರೆ ದಂಡ. ಆದರೆ ಈ ರಾಜ್ಯದಲ್ಲಿ ಕೌನ್ಸಿಲ್ ಚುನಾವಣೆಗೆ ಆ ಕಡ್ಡಾಯ ಇಲ್ಲ, ಮೂರರಲ್ಲಿ ಒಂದು ಪಾಲು ಜನ ಹಾಕಿದರೇ ಹೆಚ್ಚು.

ಸರ್ಕಾರಕ್ಕೂ ಈ ಕಲಮು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಹೂಡಿತು. ಹಲವು ಕಡೆ ‘ವಿಲೀನ’ ಅನ್ನದೆ ‘ಗಡಿ ಬದಲಾವಣೆ’ ಅಂದಿತು. ಒಂದು ಕೌನ್ಸಿಲ್‌ನ ಗಡಿ ಹಿಗ್ಗಿಸಿ ಪಕ್ಕದ್ದನ್ನು ಪೂರ್ತಿ ನುಂಗಿಸುವುದು. ಕಾಗದದ ಮೇಲೆ ಅದು ವಿಲೀನವಲ್ಲ, ಹಾಗಾಗಿ ಜನಮತವೂ ಇಲ್ಲ! ಇದು ಜನರನ್ನು ಇನ್ನಷ್ಟು ಕೆರಳಿಸಿತು. ಜನಮತಕ್ಕೆ ಅವಕಾಶ ಇದ್ದ ಕಡೆ 2015ರ ಫೆಬ್ರವರಿಯಲ್ಲಿ ಮತ ಎಣಿಸಿದಾಗ ಈಸ್ಟ್ ಫ್ರೀಮ್ಯಾಂಟಲ್, ಕ್ವಿನಾನಾ, ಸೌತ್ ಪರ್ತ್ ಜನ ಸಾಕಷ್ಟು ಸಂಖ್ಯೆಯಲ್ಲಿ ಬಂದು ‘ಬೇಡ’ ಅಂದಿದ್ದರು. ಅದೇ ತಿಂಗಳು ಬಾರ್ನೆಟ್ ಇಡೀ ಯೋಜನೆ ಕೈಬಿಟ್ಟರು. ಪೆಪರ್‌ಮಿಂಟ್ ಗ್ರೋವ್ ಉಳಿದದ್ದು ತನ್ನ ಬಲದಿಂದಲ್ಲ. ತನಗಿಂತ ಎಷ್ಟೋ ಪಟ್ಟು ದೊಡ್ಡ, ಅಷ್ಟೇನೂ ಶ್ರೀಮಂತವಲ್ಲದ ಕ್ವಿನಾನಾದಂಥ ಊರುಗಳು ಹಾಕಿದ ಓಟಿನಿಂದ. ಕ್ವಿನಾನಾ ಅಂದರೆ ರಿಫೈನರಿ, ಕಾರ್ಖಾನೆಗಳ ಕಡೆಯ ಊರು. ‘ಶ್ರೀಮಂತರು ತಮ್ಮ ಕೌನ್ಸಿಲ್ ಉಳಿಸಿಕೊಂಡರು’ ಅನ್ನುವವರು ಈ ಭಾಗವನ್ನು ಮರೆತೇಬಿಡುತ್ತಾರೆ.

ಆದರೂ ಇಷ್ಟು ಚಿಕ್ಕ ಸಂಸ್ಥೆ ದಿನನಿತ್ಯ ನಡೆಯುವುದು ಹೇಗೆ? ಮೊದಲು, ಇಲ್ಲಿ ಕೌನ್ಸಿಲ್ ಮಾಡುವ ಕೆಲಸ ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ನೀರು, ಒಳಚರಂಡಿ ರಾಜ್ಯದ ವಾಟರ್ ಕಾರ್ಪೊರೇಷನ್ನಿನದು. ವಿದ್ಯುತ್, ಪೊಲೀಸ್, ಸರ್ಕಾರಿ ಶಾಲೆ, ಬಸ್ಸು, ರೈಲು ಎಲ್ಲ ರಾಜ್ಯದ್ದೇ. ನಮ್ಮಲ್ಲೂ ಹಾಗೇ ಅಲ್ವಾ? ಬೆಂಗಳೂರಿನಲ್ಲಿ 1964ರಿಂದ ನೀರು ಜಲಮಂಡಳಿಯದು, 1976ರಿಂದ ಲೇಔಟ್ ಬಿಡಿಎದು. ಕೌನ್ಸಿಲ್‌ಗೆ ಉಳಿಯುವುದು ಕಸ, ಒಳರಸ್ತೆ, ಫುಟ್‌ಪಾತ್, ಪಾರ್ಕು, ಗ್ರಂಥಾಲಯ, ಕಟ್ಟಡದ ಅನುಮತಿ, ನಾಯಿ ನೋಂದಣಿ. ಎರಡನೆಯದು, ಒಬ್ಬರಿಂದ ಆಗದ್ದನ್ನು ಹಂಚಿಕೊಂಡು ಮಾಡುತ್ತಾರೆ. ಲೀಕ್ ಸ್ಟ್ರೀಟಿನಲ್ಲಿ ಹೈವೇ ಪಕ್ಕ ‘ದಿ ಗ್ರೋವ್’ ಎಂಬ ಗ್ರಂಥಾಲಯ ಇದೆ, ಒಳಗೆ ಹೋಗಿದ್ದೀರೋ ಇಲ್ಲವೋ. ಕಾಟ್‌ಸ್ಲೋ, ಮೋಸ್ಮನ್ ಪಾರ್ಕ್, ಪೆಪರ್‌ಮಿಂಟ್ ಗ್ರೋವ್ ಮೂವರೂ ಸೇರಿ ನಡೆಸುವ ಗ್ರಂಥಾಲಯ ಅದು. 2010ರಲ್ಲಿ ಹೊಸ ಕಟ್ಟಡಕ್ಕೆ ಬಂತು, ಶೈರ್ ಕಚೇರಿಯೂ ಅದೇ ಆವರಣದಲ್ಲಿದೆ. ಮಗಳು ಕಾಟ್‌ಸ್ಲೋದವಳಾದ್ದರಿಂದ ಇದು ನಿಮ್ಮ ಗ್ರಂಥಾಲಯವೂ ಹೌದು. ಕಸಕ್ಕೂ ಅಕ್ಕಪಕ್ಕದ ಐದು ಕೌನ್ಸಿಲ್‌ಗಳು 1989ರಲ್ಲಿ ಒಂದು ಪ್ರಾದೇಶಿಕ ಕೌನ್ಸಿಲ್ ಮಾಡಿಕೊಂಡವು. ಮೂರನೆಯದಾಗಿ ದುಡ್ಡು, ಅದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮನೆ ಬಾಡಿಗೆಗೆ ಕೊಟ್ಟರೆ ಎಷ್ಟು ಬರಬಹುದು ಎಂಬ ಅಂದಾಜಿನ ಮೇಲೆ ತೆರಿಗೆ ಹಾಕುತ್ತಾರೆ. ಬಂಗಲೆಗಳೇ ತುಂಬಿದ ಊರಿಗೆ ಸಣ್ಣ ದರದಲ್ಲೂ ಸಾಕಷ್ಟು ಹಣ ಬರುತ್ತದೆ.

ಸಣ್ಣ ಕೌನ್ಸಿಲ್ಲಿಗೆ ದೊಡ್ಡ ತಲೆನೋವು ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕಥೆ ಇದೆ, ಅದರಲ್ಲಿ ನಮ್ಮ ದೇಶದವರೇ ಇದ್ದಾರೆ. ಭಾರತ ಮೂಲದ ಉದ್ಯಮಿ ಪಂಕಜ್ ಓಸ್ವಾಲ್ ಮತ್ತು ಅವರ ಪತ್ನಿ ರಾಧಿಕಾ ನದಿ ಕಾಣುವ ಜಾಗದಲ್ಲಿ ಗುಮ್ಮಟಗಳಿರುವ ಭಾರಿ ಬಂಗಲೆ ಕಟ್ಟಲು ಹೊರಟಿದ್ದರು. ಪತ್ರಿಕೆಗಳು ಅದಕ್ಕೆ ‘ಸ್ವಾನ್ ನದಿಯ ತಾಜ್‌ಮಹಲ್’ ಅಂತ ಹೆಸರಿಟ್ಟವು. 2010ರ ಕೊನೆಗೆ ಅವರ ಗೊಬ್ಬರ ಕಂಪನಿ ಬರಪ್ ಫರ್ಟಿಲೈಸರ್ಸ್ ಬ್ಯಾಂಕು ನೇಮಿಸಿದ ರಿಸೀವರ್‌ಗಳ ಕೈಗೆ ಹೋಯಿತು, ಕಟ್ಟಡದ ಕೆಲಸ ನಿಂತಿತು. ಅಲ್ಲಿಂದ ವರ್ಷಗಟ್ಟಲೆ ಕಾಂಕ್ರೀಟಿನ ಅಸ್ಥಿಪಂಜರ ಹಾಗೇ ನಿಂತಿತ್ತು. ಗೋಡೆ ತುಂಬ ಬಣ್ಣದ ಗೀಚು, ಬೇಲಿ ಹಾರಿ ಒಳಗೆ ನುಗ್ಗುವವರು. ಇದನ್ನು ತೆಗೆಸಿ ಅಂತ ಬೆನ್ನು ಹತ್ತಿದ್ದು ಈ 1,600 ಜನರ ಶೈರ್. ನೋಟಿಸು ಕೊಟ್ಟಿತು, ರಾಜ್ಯದ ಆಡಳಿತ ನ್ಯಾಯಮಂಡಳಿಯ ತನಕ ಹೋಯಿತು. ಕೊನೆಗೆ 2016ರಲ್ಲಿ ಕಟ್ಟಡ ನೆಲಸಮವಾಯಿತು.

ಆರು ವರ್ಷ ಹಿಡಿಯಿತು ಅನ್ನುವುದನ್ನು ಎರಡು ರೀತಿ ಓದಬಹುದು. ದೊಡ್ಡ ಕೌನ್ಸಿಲ್ ಆಗಿದ್ದರೆ ವಕೀಲರ ಪಡೆ ಇರುತ್ತಿತ್ತು, ಬೇಗ ಮುಗಿಯುತ್ತಿತ್ತು ಅಂತ ವಿಲೀನದ ಪರ ಇರುವವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ಪಾಲಿಕೆಯಲ್ಲಿ ಅರ್ಧಕ್ಕೆ ನಿಂತ ಒಂದು ಮನೆ ಸಾವಿರ ಫೈಲುಗಳಲ್ಲಿ ಒಂದು. ಇಲ್ಲಿ ಅದು ಪ್ರತಿ ಸದಸ್ಯರೂ ದಿನಾ ಕಣ್ಣಾರೆ ನೋಡುವ ಮನೆ. ಬಿಟ್ಟುಬಿಡುವ ಹಾಗೇ ಇರಲಿಲ್ಲ.

ಹಾಗಂತ ಚಿಕ್ಕದ್ದೆಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ. ಇಂಥ ಕೌನ್ಸಿಲ್ ಒಂದು ಬೇಲಿಯೂ ಹೌದು. ರೈಲು ನಿಲ್ದಾಣದ ಹತ್ತಿರ, ನಗರಕ್ಕೆ ಹತ್ತಿರ ಇರುವ ಜಾಗದಲ್ಲಿ ಫ್ಲ್ಯಾಟು ಬೇಡ, ಎತ್ತರದ ಕಟ್ಟಡ ಬೇಡ, ಸೈಟು ಒಡೆಯುವುದು ಬೇಡ ಅಂತ ಇದ್ದವರು ತಡೆದರೆ ಹೊಸಬರು ಎಲ್ಲಿಗೆ ಹೋಗಬೇಕು? ಪರ್ತ್ ಕರಾವಳಿಯ ಉದ್ದಕ್ಕೂ ನೂರು ಕಿಲೋಮೀಟರಿಗೂ ಹೆಚ್ಚು ಬೆಳೆದದ್ದರಲ್ಲಿ ಈ ‘ಬೇಡ’ಗಳ ಪಾಲೂ ಇದೆ. ನಿಮ್ಮ ಮಗಳಂಥ ಸಂಬಳದಾರರು ಮನೆ ಹುಡುಕುವಾಗ ಇದರ ಬಿಸಿ ಮುಟ್ಟುತ್ತದೆ. ರಾಜ್ಯ ಸರ್ಕಾರ ಇದಕ್ಕೆ ಇನ್ನೊಂದು ದಾರಿ ಕಂಡುಕೊಂಡಿತು. ಕೌನ್ಸಿಲ್ ಮುಚ್ಚುವ ಗೋಜಿಗೆ ಹೋಗದೆ ಅದರ ಅಧಿಕಾರವನ್ನೇ ಸ್ವಲ್ಪ ಸ್ವಲ್ಪ ತೆಗೆದುಕೊಂಡಿತು. 2011ರಿಂದ ದೊಡ್ಡ ಕಟ್ಟಡಗಳ ಅರ್ಜಿಯನ್ನು ತಜ್ಞರೇ ಹೆಚ್ಚಿರುವ ಬೇರೆ ಸಮಿತಿಗಳು ತೀರ್ಮಾನಿಸುತ್ತವೆ. ಬೋರ್ಡು, ಕಚೇರಿ, ಅಧ್ಯಕ್ಷರು ಎಲ್ಲ ಇದ್ದಾರೆ. ತೀರ್ಮಾನ ಮಾತ್ರ ಮೇಲಕ್ಕೆ ಹೋಗಿದೆ. 2015ರ ಗೆಲುವಿನ ಸಂಭ್ರಮದಲ್ಲಿ ಇದನ್ನು ಯಾರೂ ಅಷ್ಟಾಗಿ ಮಾತಾಡಲಿಲ್ಲ ಅನ್ನುವುದು ನನ್ನ ದೂರು.

ಇನ್ನು ನಿಮ್ಮ ಯಲಹಂಕ. 2007ರಲ್ಲಿ ಏನಾಯಿತು ನಿಮಗೇ ಗೊತ್ತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಈ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಜನಮತ ಇರಲಿಲ್ಲ, ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದೇ 2010ರಲ್ಲಿ. ಮೂರು ವರ್ಷ ಯಲಹಂಕದವರಿಗೆ ಹಳೆಯ ನಗರಸಭೆಯೂ ಇಲ್ಲ, ಹೊಸ ಕಾರ್ಪೊರೇಟರೂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಕೊನೆಯ ಕೌನ್ಸಿಲ್ ಅವಧಿ ಮುಗಿದ ಮೇಲೆ ಬಿಬಿಎಂಪಿಗೆ ಇನ್ನೊಂದು ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದನ್ನೇ ಒಡೆದು ಐದು ಪಾಲಿಕೆ ಮಾಡಿದರು. ಪರ್ತ್‌ನಲ್ಲೂ ಒಡೆದದ್ದುಂಟು. 1994ರಲ್ಲಿ ಪರ್ತ್ ಸಿಟಿ ಕೌನ್ಸಿಲ್ ಅನ್ನು ಕಾಯ್ದೆ ಮಾಡಿ ಪರ್ತ್, ವಿನ್ಸೆಂಟ್, ಕೇಂಬ್ರಿಡ್ಜ್, ವಿಕ್ಟೋರಿಯಾ ಪಾರ್ಕ್ ಅಂತ ನಾಲ್ಕು ಮಾಡಿದರು, ಆಗಲೂ ಜನಮತ ಕೇಳಲಿಲ್ಲ. ಮನಸ್ಸು ಮಾಡಿದರೆ ಶಾಸನಸಭೆ ಆ ಕಲಮನ್ನೇ ಪಕ್ಕಕ್ಕಿಟ್ಟು ಬೇರೆ ಕಾಯ್ದೆ ತರಬಹುದು. 2016ರಲ್ಲಿ ಯೂನಿವರ್ಸಿಟಿಯ ಆವರಣವನ್ನೂ ದೊಡ್ಡ ಆಸ್ಪತ್ರೆಯ ಜಾಗವನ್ನೂ ಅಕ್ಕಪಕ್ಕದ ಕೌನ್ಸಿಲ್‌ಗಳಿಂದ ತೆಗೆದು ಪರ್ತ್ ಸಿಟಿಗೆ ಕೊಟ್ಟದ್ದೂ ಹಾಗೆಯೇ. ಪೆಪರ್‌ಮಿಂಟ್ ಗ್ರೋವ್‌ನ ರಕ್ಷಣೆ ಅಷ್ಟರ ಮಟ್ಟಿಗೆ ಮಾತ್ರ ಗಟ್ಟಿ. ವ್ಯತ್ಯಾಸ ಏನೆಂದರೆ, ಹಾಗೆ ಮಾಡಬೇಕಾದರೆ ಸರ್ಕಾರ ಎಲ್ಲರ ಎದುರಿಗೆ, ಸದನದಲ್ಲಿ ಎದ್ದು ನಿಂತು, ‘ನಾವು ಜನರನ್ನು ಕೇಳುವುದಿಲ್ಲ’ ಅನ್ನಬೇಕಾಗುತ್ತದೆ. ಒಂದು ಅಧಿಸೂಚನೆಯಲ್ಲಿ ಮುಗಿಯುವುದಿಲ್ಲ.

ಕೊನೆಗೆ ಮಗಳ ಓಟು. ಪಿಆರ್ ಇದ್ದರೆ ಸಾಲದು. ಇಲ್ಲಿ ಕೌನ್ಸಿಲ್‌ಗೆ ಓಟು ಹಾಕಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅದಕ್ಕೆ ಸಿಟಿಜನ್‌ಶಿಪ್ ಬೇಕು. ಬೇರೆ ಕಡೆ ವಾಸವಿದ್ದು ಇಲ್ಲಿ ಮನೆಯ ಮಾಲೀಕರಾಗಿರುವವರಿಗೂ ಓಟಿನ ದಾರಿ ಇದೆ, ಆದರೆ ಅವರೂ ದೇಶದ ಎಲ್ಲಾದರೂ ಮತದಾರರಾಗಿರಬೇಕು. ಸಿಟಿಜನ್‌ಶಿಪ್ ಬಂದ ಮೇಲೆ ಅವಳು ಓಟು ಹಾಕಬೇಕಾದ್ದು ಪೆಪರ್‌ಮಿಂಟ್ ಗ್ರೋವ್‌ಗಲ್ಲ, ಕಾಟ್‌ಸ್ಲೋ ಕೌನ್ಸಿಲ್‌ಗೆ. ಎರಡು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಚುನಾವಣೆ. ಹೆಚ್ಚಿನ ಕಡೆ ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬರುತ್ತದೆ, ತುಂಬಿ ವಾಪಸ್ ಕಳಿಸಿದರೆ ಆಯಿತು. ಅಲ್ಲಿಯವರೆಗೆ ಸುಮ್ಮನಿರಬೇಕೆಂದೇನೂ ಇಲ್ಲ. ಕೌನ್ಸಿಲ್‌ನ ಪ್ರತಿ ಸಾಮಾನ್ಯ ಸಭೆಯಲ್ಲೂ ಸಾರ್ವಜನಿಕರ ಪ್ರಶ್ನೆಗೆ ಕನಿಷ್ಠ 15 ನಿಮಿಷ ಇಡಲೇಬೇಕು ಅಂತ ನಿಯಮ ಇದೆ. ಪ್ರಶ್ನೆ ಕೇಳುವುದಕ್ಕೆ ಮತದಾರರಾಗಿರಬೇಕಿಲ್ಲ. ಸಭೆಯ ದಿನಾಂಕ, ಅಜೆಂಡಾ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಗಳಿಗೆ ಆಫೀಸಿನ ಗಡಿಬಿಡಿ ಇದ್ದರೆ ನೀವೇ ಹೋಗಿ ಕೂತು ನೋಡಬಹುದು.